ಅಪ್ಪನ ಕಾರಿಗೆ ಸಿ.ಡಿ. ಪ್ಲೇಯರ್ ಹಾಕಿಸಿದ್ದು

ಅಪ್ಪನಿಗೆ ಎರಡನೇ ಕಣ್ಣಿನ ಆಪರೇಷನ್ ಅಂದುಕೊಂಡಷ್ಟು ಚೆನ್ನಾಗಿ ಆಗಲಿಲ್ಲ. ಇನ್ನು ಕಾರು ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದ ದಿನ ಅಪ್ಪ ಮನೆಗೆ ಬಂದವರೇ ಕೀಯನ್ನು ನನ್ನ ಮುಂದಿಟ್ಟು, "ತಗೋ, ಇನ್ಮೇಲೆ ನಿಂದು" ಎಂದರು. ಕೀ ಕೊಟ್ಟರೇ ಹೊರತು ಕಾರು ಕೊಡಲಿಲ್ಲ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸಬೇಡ, ಬಾಗಿಲು ಅಷ್ಟು ಜೋರಾಗಿ ಹಾಕಬೇಡ, ಬಿಸಿಲಲ್ಲಿ ನಿಲ್ಲಿಸಬೇಡ ಎಂದು ದಿನಕ್ಕೊಂದು ಉಪದೇಶ ನಡೆದೇ ಇತ್ತು.

ನಮ್ಮ ಮನೆ ಹನುಮಂತನಗರದಲ್ಲಿ. ನಾನು ಪಾಠ ಮಾಡುತ್ತಿದ್ದ ಕಾಲೇಜು ಜೆ.ಪಿ. ನಗರದಲ್ಲಿ. ಬೆಳಗಿನ ಕಾಲೇಜಾದ್ದರಿಂದ ಏಳು ಗಂಟೆಗೆ ಹೊರಟರೆ ಮಧ್ಯಾಹ್ನ ಒಂದಕ್ಕೆ ವಾಪಸು. ಕಾರಿಗೆ ಹದಿನೈದು ವರ್ಷವಾಗಿತ್ತು. ಅದರಲ್ಲಿದ್ದ ಕ್ಯಾಸೆಟ್ ಪ್ಲೇಯರ್‌ಗೂ ಅಷ್ಟೇ ವಯಸ್ಸು. ಹಾಕಿದ ಕ್ಯಾಸೆಟ್ಟನ್ನೆಲ್ಲ ಅದು ತಿನ್ನುತ್ತಿತ್ತು. ಒಂದು ದಿನ ಬನಶಂಕರಿ ಸಿಗ್ನಲ್‌ನಲ್ಲಿ ನಿಂತು, ಹಿಂದಿನವರ ಹಾರ್ನ್ ಕೇಳಿಸಿಕೊಳ್ಳುತ್ತಾ, ಅದರ ಬಾಯಿಂದ ಮೊಳಗಟ್ಟಲೆ ಟೇಪು ಎಳೆದ ಮೇಲೆ ನಾನು ತೀರ್ಮಾನ ಮಾಡಿದೆ. ಸಿ.ಡಿ. ಪ್ಲೇಯರ್ ಹಾಕಿಸುವುದೇ ಸರಿ.

ಅಪ್ಪನಿಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಕೂತರೋ ಗೊತ್ತಾಗಲಿಲ್ಲ. ಮತ್ತೆ ಜೋರಾಗಿ ಹೇಳಿದೆ.

"ಯಾಕೆ? ಕಾರಿರೋದು ಓಡ್ಸಕ್ಕೆ. ಹಾಡು ಕೇಳಕ್ಕೆ ಮನೆ ಇಲ್ವಾ?"

ಮನೆಯಲ್ಲಿ ಅಮ್ಮ ಮಧ್ಯಾಹ್ನ ಪೂರ್ತಿ ಧಾರಾವಾಹಿ ನೋಡುತ್ತಿದ್ದಳು. ಅಪ್ಪ ತಮ್ಮ ಟೇಪ್ ರೆಕಾರ್ಡರಿನಲ್ಲಿ ಪಿಟೀಲು ಕಛೇರಿ ಹಾಕಿದರೆ ಬೀದಿಯ ತುದಿಗೆ ಕೇಳಿಸುತ್ತಿತ್ತು. ಅಮ್ಮ ಒಂದು ಕಡೆಯಿಂದ, ನಾನೊಂದು ಕಡೆಯಿಂದ "ಸ್ವಲ್ಪ ಕಡಿಮೆ ಮಾಡಿ" ಎಂದು ಕೂಗುತ್ತಿದ್ದೆವು. ಇತ್ತೀಚೆಗೆ ಅವರು ಹಾಕುವುದನ್ನೇ ಬಿಟ್ಟಿದ್ದರು. ನಮಗೆ ನೆಮ್ಮದಿಯಾಗಿತ್ತು, ಅಷ್ಟೇ. ಯಾಕೆ ಬಿಟ್ಟರು ಎಂದು ಇಬ್ಬರೂ ಕೇಳಲಿಲ್ಲ.

ಬನಶಂಕರಿ ಎರಡನೇ ಹಂತದ ಒಂದು ಅಂಗಡಿಗೆ ಕಾರು ಒಯ್ದೆ. ಅಂಗಡಿಯವನು ನಲವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ. "ಒಂದು ಗಂಟೆ ಕೆಲ್ಸ ಮೇಡಂ. ಕಾಫಿ ಕುಡ್ಕೊಂಡ್ ಬನ್ನಿ" ಎಂದ.

ಕಾಫಿ ಕುಡಿದು ಬಂದರೆ ಡ್ಯಾಶ್‌ಬೋರ್ಡಿನ ಅರ್ಧ ಭಾಗ ಫುಟ್‌ಪಾತಿನ ಮೇಲಿತ್ತು. ಹಳೆಯ ಪ್ಲೇಯರ್ ಕೂತಿದ್ದ ಜಾಗ ಸಣ್ಣದು, ಹೊಸದು ದೊಡ್ಡದು, ಅದಕ್ಕೆ ಕೊಯ್ಯಬೇಕು ಎಂದ.

"ಕೊಯ್ಯೋ ಮುಂಚೆ ಕೇಳ್ಬೇಕಲ್ವೇನ್ರೀ?"

"ಕೇಳಣ ಅಂದ್ರೆ ನೀವು ಕಾಫಿಗ್ ಹೋಗಿದ್ರಲ್ಲ ಮೇಡಂ."

ಹೊರಟಾಗ ಸಂಜೆ ಐದೂವರೆ. ಮನೆ ಮುಂದೆ ಅಪ್ಪ ಕಾಯುತ್ತಾ ನಿಂತಿದ್ದರು. ಬಾಗಿಲು ತೆಗೆದು ಬಗ್ಗಿ, ಕೊಯ್ದ ಅಂಚನ್ನು ಬೆರಳಿನಿಂದ ಸವರಿ, ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನದಿಂದ ನನ್ನ ಗೋಳು ಶುರುವಾಯಿತು. ರಸ್ತೆಯ ಪ್ರತಿ ಹಂಪ್‌ಗೂ ಹಾಡು ಎಗರುತ್ತಿತ್ತು. ನಮ್ಮ ಕಡೆ ಹಂಪ್ ಇಲ್ಲದ ರಸ್ತೆ ಎಲ್ಲಿದೆ? ಪಲ್ಲವಿಯಿಂದ ನೇರ ಎರಡನೇ ಚರಣ, ಅಲ್ಲಿಂದ ಮುಂದಿನ ಹಾಡು. ಅಂಗಡಿಗೆ ಹೋದೆ. ಅವನು ಪ್ಲೇಯರಿನ ಹಿಂದೆ ಸ್ಪಂಜು ತುರುಕಿದ. ಎಗರುವುದು ಕಡಿಮೆಯಾಯಿತು, ಆದರೆ ಸಿ.ಡಿ. ಹೊರಗೆ ಬರಲೊಲ್ಲದು. ಒಂದೇ ಸಿ.ಡಿ.ಯನ್ನು ಒಂಬತ್ತು ದಿನ ಕೇಳಿದೆ. ಮತ್ತೆ ಹೋದೆ. ಅವನು ಸ್ಪಂಜು ತೆಳ್ಳಗೆ ಮಾಡಿದ.

ಅದೂ ಸರಿಹೋಯಿತು ಅನ್ನುವಾಗ ಬ್ಯಾಟರಿ ಕೈಕೊಟ್ಟಿತು. ಬೆಳಿಗ್ಗೆ ಕೀ ತಿರುಗಿಸಿದರೆ ಕಟ್ ಅಂತ ಒಂದು ಸದ್ದು, ಆಮೇಲೆ ಮೌನ. ಪಕ್ಕದ ಕ್ರಾಸಿನಿಂದ ತಿರುವಿನ ತನಕ ತಳ್ಳಿಸಿದರೆ ಸಾಕು, ಅಲ್ಲಿಂದ ನಮ್ಮ ಬೀದಿ ಇಳಿಜಾರಾಗಿದ್ದದ್ದು ಪುಣ್ಯ. ಎದುರುಮನೆಯವರು, ಹಾಲಿಗೆ ಬಂದವರು, ಗುಡ್ಡದ ದೇವಸ್ಥಾನಕ್ಕೆ ಹೊರಟವರು, ಯಾರಾದರೂ ಹಿಂದಿನಿಂದ ತಳ್ಳುತ್ತಿದ್ದರು. ಸೀರೆ ಉಟ್ಟುಕೊಂಡು, ಉತ್ತರಪತ್ರಿಕೆಯ ಕಟ್ಟು ಪಕ್ಕದಲ್ಲಿಟ್ಟುಕೊಂಡು, ಸೆಕೆಂಡ್ ಗೇರಿಗೆ ಹಾಕಿ ಉರುಳುತ್ತಾ ಇಂಜಿನ್ ಎಬ್ಬಿಸುವುದನ್ನು ಕಲಿತೆ. ಅಪ್ಪ ಗೇಟಿನಲ್ಲಿ ನಿಂತು ನೋಡುತ್ತಿದ್ದರು. "ಹೊಸದು ಹಾಕ್ಸಿದ್ಯಲ್ಲ" ಎಂದು ಒಮ್ಮೆ ಮಾತ್ರ ಅಂದರು.

ಬ್ಯಾಟರಿ ಬದಲಿಸಿದೆ. ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ. ಈ ಸಲ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೇ ನನ್ನ ದನಿ ಏರಿತು.

"ವೈರಿಂಗ್ ಬರಲ್ಲ ಅಂದ್ರೆ ಬರಲ್ಲ ಅನ್ನಿ. ಕಾರು ಯಾಕ್ರೀ ಹಾಳ್ಮಾಡ್ತೀರಾ?"

ಅವನ ಮುಖ ಸಣ್ಣದಾಯಿತು. "ಹದ್ನೆಂಟು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ ಮೇಡಂ. ಕೀ ಆಫ್ ಮಾಡಿದ್ರೆ ನನ್ ಪ್ಲೇಯರ್‌ಗೆ ಒಂದ್ ತೊಟ್ಟು ಕರೆಂಟ್ ಹೋಗಲ್ಲ. ನಾಳೆ ಮಧ್ಯಾಹ್ನ ನಾನೇ ಮನೆಗ್ ಬರ್ತೀನಿ, ಗಾಡಿ ನಿಂತಿರೋ ಹಾಗೇ ಮೀಟರ್ ಇಟ್ಟು ತೋರಿಸ್ತೀನಿ."

ಬರಲಾರ ಎಂದುಕೊಂಡಿದ್ದೆ. ಮಾರನೇ ದಿನ ಮೂರು ಗಂಟೆಗೆ ಬಂದ. ನಮ್ಮ ಮನೆ ಮುಂದೆ ಜಾಗವಿಲ್ಲದೆ ಕಾರನ್ನು ಪಕ್ಕದ ಕ್ರಾಸಿನಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದೆ. ಮಧ್ಯಾಹ್ನದ ನಿದ್ದೆಯಿಂದ ಎದ್ದ ಸಿಡುಕಿನಲ್ಲೇ ಅವನನ್ನು ಕರೆದುಕೊಂಡು ಹೋದೆ. ತಿರುವಿನಲ್ಲೇ ಪಿಟೀಲು ಕೇಳಿಸಿತು.

ಕಾರಿನ ಗಾಜುಗಳೆಲ್ಲ ಏರಿದ್ದವು. ಡ್ರೈವರ್ ಸೀಟಿನಲ್ಲಿ ಅಪ್ಪ ಕೂತಿದ್ದರು. ಕಣ್ಣು ಮುಚ್ಚಿತ್ತು, ಅಂಗಿ ಬೆವರಿಗೆ ಒದ್ದೆಯಾಗಿತ್ತು, ಬಲಗೈ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿತ್ತು. ಲೈಬ್ರರಿಗೆ ಎಂದು ಅಮ್ಮನಿಗೆ ಹೇಳಿ ಹೊರಟವರು. ಅವರ ಬಳಿ ಇನ್ನೊಂದು ಕೀ, ಪಿಟೀಲಿನ ಸಿ.ಡಿ. ಇದ್ದವು ಎಂಬುದೇ ನನಗೆ ಗೊತ್ತಿರಲಿಲ್ಲ.

ಅಂಗಡಿಯವನು ಮೀಟರನ್ನು ಚೀಲದೊಳಗೆ ಹಾಕಿಕೊಂಡ. "ಇಂಜಿನ್ ಆಫ್ ಮಾಡ್ಕೊಂಡು ದಿನಾ ಇಷ್ಟ್ ಜೋರಾಗಿ ಹಾಡ್ಸಿದ್ರೆ ಯಾವ್ ಬ್ಯಾಟರಿ ತಡಿಯತ್ತೆ ಮೇಡಂ?"

ನಾನು ಗಾಜು ತಟ್ಟಿದೆ. ಅಪ್ಪನಿಗೆ ಕೇಳಿಸಲಿಲ್ಲ. ಬಾಗಿಲು ತೆಗೆದಾಗ ಬೆಚ್ಚಿಬಿದ್ದರು. ಒಂದು ತಿಂಗಳಿಂದ ತಡೆದಿಟ್ಟುಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಏನಪ್ಪಾ ಇದು? ದಿನಾ ಬೆಳಿಗ್ಗೆ ನಾನು ಗಾಡಿ ತಳ್ಳಿಸ್ಕೊಂಡ್ ಹೋಗೋದನ್ನ ನಿಂತ್ಕೊಂಡ್ ನೋಡ್ತಿದ್ರಲ್ಲ!"

ಅವರು ಪ್ಲೇಯರ್ ಆಫ್ ಮಾಡಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಮುಖವಿರಲಿಲ್ಲ, ದಣಿದ ಮುಖವಿತ್ತು.

"ಮನೇಲಿ ಹಾಕಿದ್ರೆ ಕಡಿಮೆ ಮಾಡಿ ಅಂತೀರಿ. ಕಡಿಮೆ ಮಾಡಿದ್ರೆ ನಂಗೆ ಕೇಳ್ಸಲ್ಲ ಕಣೇ. ಬರೀ ಮೃದಂಗ ಕೇಳ್ಸತ್ತೆ. ಇಲ್ಲಿ ಗಾಜೇರ್ಸಿದ್ರೆ ಪಿಟೀಲೂ ಕೇಳ್ಸತ್ತೆ."

ನಾನು ಕೋಪ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ಅಂಗಡಿಯವನು ಮರದ ಕಡೆ ನೋಡುತ್ತಿದ್ದ. ಅವನಿಗೆ, "ತಪ್ಪಾಯ್ತು, ನಿನ್ನೆ ಹಾಗೆಲ್ಲ ಅನ್ಬಾರ್ದಿತ್ತು" ಎಂದೆ. "ಬಿಡಿ ಮೇಡಂ" ಎಂದ. ನಂತರ ಅಪ್ಪನ ಕಡೆ ಬಗ್ಗಿ, "ಸಾರ್, ಟ್ರೆಬಲ್ ಸ್ವಲ್ಪ ಏರಿಸ್ಕೊಡ್ಲಾ? ಪಿಟೀಲು ಇನ್ನೂ ಕ್ಲಿಯರ್ ಆಗತ್ತೆ" ಎಂದು ಜೋರಾಗಿ ಕೇಳಿದ. ನಾವ್ಯಾರೂ ಅಷ್ಟು ದಿನ ಕೇಳದಿದ್ದ ಪ್ರಶ್ನೆ.

ಅಪ್ಪನನ್ನು ಜಯನಗರದ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗಲು ಎರಡು ತಿಂಗಳು ಹಿಡಿಯಿತು. ಎರಡೂ ಕಿವಿ ಚೆನ್ನಾಗಿಯೇ ಮಂದವಾಗಿದ್ದವು. ಮಷೀನು ಹಾಕಿಸಿದೆವು. ಅಮ್ಮ ಪಾತ್ರೆ ತೊಳೆದರೆ ತಲೆಯೊಳಗೇ ಕುಟ್ಟಿದ ಹಾಗಾಗುತ್ತದೆ ಎಂದು ಅಪ್ಪ ತೆಗೆದಿಟ್ಟರು. ನೆಂಟರು ಬಂದರೆ ಹಾಕಿಕೊಳ್ಳುತ್ತಿದ್ದರು, ಧಾರಾವಾಹಿಯ ಹೊತ್ತಿಗೆ ಮರೆಯದೆ ತೆಗೆಯುತ್ತಿದ್ದರು.

ಕಾರಿನ ವಿಷಯದಲ್ಲಿ ಒಂದು ಒಪ್ಪಂದವಾಯಿತು: ದಿನಕ್ಕೆ ಮುಕ್ಕಾಲು ಗಂಟೆ, ಗಾಜು ಒಂದಿಷ್ಟು ಇಳಿಸಿಕೊಂಡು. ಅದನ್ನು ಅಪ್ಪ ಒಂದು ದಿನವೂ ಪಾಲಿಸಲಿಲ್ಲ. ಅಂಗಡಿಯವನು ಭಾನುವಾರ ಈ ಕಡೆ ಬಂದಾಗ ಅವರ ಪಕ್ಕದ ಸೀಟಿನಲ್ಲಿ ಕೂತು ಕೇಳುವ ಅಭ್ಯಾಸ ಮಾಡಿಕೊಂಡ. ಇಬ್ಬರೂ ಸೇರಿ, ನನ್ನನ್ನು ಒಂದು ಮಾತೂ ಕೇಳದೆ, ಹಿಂದಿನ ಸೀಟಿನ ಹಿಂದೆ ಇನ್ನೆರಡು ಸ್ಪೀಕರ್ ಕೂಡಿಸಿದರು. ಅದಕ್ಕೂ ಏನೋ ಕೊಯ್ಯಬೇಕಾಗಿ ಬಂತಂತೆ. ಈ ಸಲ ಅಪ್ಪನೇ ನಿಂತು ಗುರುತು ಹಾಕಿಕೊಟ್ಟಿದ್ದರು.

ಆ ವಾರ ಮೂರು ದಿನ ತಳ್ಳಿಸಿದರೂ ಕಾರು ಏಳದೆ ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋದೆ.