ಟಿವಿಯ ಬಣ್ಣ ತಿದ್ದಿಸಿದ್ದು

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಓದಿದವರು ಸರ್ಟಿಫಿಕೇಟು ತೂಗುಹಾಕುವ ಗೋಡೆಯ ಮೇಲೆ ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಟಿವಿ ತೂಗುತ್ತದೆ. ಗೋಡೆಯಷ್ಟೇ ದೊಡ್ಡದು.

ಚಿಕ್ಕಪೇಟೆಯಲ್ಲಿ ನನ್ನದು ಬ್ಲೌಸ್ ಪೀಸಿನ ಅಂಗಡಿ. ಸೀರೆಗೆ ಹೊಂದುವ ಬಣ್ಣ ಹುಡುಕಿಕೊಡುವುದೇ ಕಸುಬು. ಸೆರಗನ್ನೂ ಬಟ್ಟೆಯನ್ನೂ ಬಾಗಿಲ ಬೆಳಕಿಗೆ ಒಯ್ದು, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಒಮ್ಮೆ ನೋಡಿದರೆ ತೀರ್ಪು ಆಯಿತು. ಅದರ ಮೇಲೆ ಅಪೀಲಿಲ್ಲ. ಅಂಥವನ ಮನೆಗೆ ಬಂದ ಬಸವನಗುಡಿಯ ಭಾವಮೈದ, ನನ್ನ ಟಿವಿಯಲ್ಲಿ ಜನರೆಲ್ಲ ನೀಲಿಯಾಗಿದ್ದಾರೆ, ತಾನು ತನ್ನದಕ್ಕೆ ಕ್ಯಾಲಿಬ್ರೇಷನ್ ಮಾಡಿಸಿದ್ದೇನೆ ಎಂದ. ಹಾಗೆಂದರೆ ಮೀಟರ್ ಇಟ್ಟು ಬಣ್ಣ ಅಳೆದು ತಿದ್ದುವುದಂತೆ. ನಾನಿರುವ ಮನೆಯಲ್ಲಿ ಬಣ್ಣ ಅಳೆಯಲು ಮೀಟರು! ಆ ಮೀಟರನ್ನು ಸೋಲಿಸಲೆಂದೇ ಕ್ಯಾಲಿಬ್ರೇಷನ್ ಮಾಡುವವನನ್ನು ಕರೆಸಿದೆ.

ಬಂದವನು ಕಿಟಕಿಗಳ ಪರದೆ ಎಳೆದು, ಪುಟ್ಟ ಮೀಟರನ್ನು ಟಿವಿಗೆ ಆನಿಸಿ, ಎರಡು ಗಂಟೆ ಬೂದು ಚೌಕಗಳನ್ನೇ ನೋಡಿದ. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೂ ಯಾರೂ ಅಷ್ಟು ಹೊತ್ತು ಸುಮ್ಮನೆ ಕೂತಿಲ್ಲ. ಕೊನೆಗೆ ಬಿಳಿ ತೋರಿಸಿದ. ನಾನು ಎಡಗಣ್ಣು ಮುಚ್ಚಿದೆ.

“ಇದು ಬಿಳಿಯಲ್ಲಪ್ಪಾ. ಹಳೇ ಪಂಚೆ ಬಣ್ಣ.”

“ಮೊದ್ಲು ಎಲ್ರೂ ಹಂಗೇ ಅಂತಾರೆ ಸಾರ್. ನೀಲಿ ನೋಡಿ ನೋಡಿ ಅಭ್ಯಾಸ ಆಗ್ಬಿಟ್ಟಿರತ್ತೆ.”

ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿ ಮೆಲ್ಲಗೆ, “ರೀ, ಬೆಳ್ಳಗೇ ಇದೆ. ಬಲಗಣ್ಣು ಮುಚ್ಚಿ, ಇನ್ನೊಂದ್ರಲ್ಲಿ ನೋಡಿ,” ಎಂದಳು.

ನೋಡಿದೆ. ಬಿಳಿ. ಕಣ್ಣು ಬದಲಿಸಿದೆ. ಪಂಚೆ.

ಬಣ್ಣ ಹೊಂದಿಲ್ಲವೆಂದು ಆರು ತಿಂಗಳಿಂದ ಅಂಗಡಿಗೆ ವಾಪಸ್ ಬರುತ್ತಿದ್ದ ಪೀಸುಗಳೆಲ್ಲ ನೆನಪಾದವು. ಡೈ ಮಾಡುವವರನ್ನು ಬೈದಿದ್ದೆ, ಟ್ಯೂಬ್‌ಲೈಟ್ ಬದಲಿಸಿದ್ದೆ. ಒಬ್ಬ ಅಜ್ಜಿಗಂತೂ ಮೊದಲು ಕಣ್ಣು ತೋರಿಸಿಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದ್ದೆ.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?” ಎಂದು ಹೆಂಡತಿಯನ್ನು ಕೇಳಿದೆ.

“ನಾನ್ ಹೇಳಿದ್ರೆ ಕೇಳ್ತಿದ್ರಾ? ಮಿಷನ್ನೇ ಬರ್ಬೇಕಿತ್ತು.”

ಡಾಕ್ಟರು ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣಿಗೂ ಶುರುವಾಗಿದೆ ಎಂದರು. ಅಜ್ಜಿಯ ಮನೆ ಹುಡುಕಿಕೊಂಡು ಹೋಗಿ ಬಟ್ಟೆ ಬದಲಿಸಿಕೊಟ್ಟೆ. ಆಕೆ ಕಾಫಿ ಕೊಟ್ಟು, ಕಣ್ಣು ತೋರಿಸಿಕೊಂಡಿರಾ ಎಂದು ವಿಚಾರಿಸಿದರು.

ಈ ಕ್ಯಾಲಿಬ್ರೇಷನ್ ಮಾಡಿಸಬೇಕೋ ಬೇಡವೋ ಎಂದು ನೀವು ಕೇಳುತ್ತೀರಿ. ಟಿವಿ ನೋಡಲು ಬೇಕಿಲ್ಲ ಸ್ವಾಮಿ, ನಾಲ್ಕು ದಿನದಲ್ಲಿ ಯಾವ ಬಣ್ಣಕ್ಕಾದರೂ ಒಗ್ಗಿಹೋಗುತ್ತೇವೆ. ಆದರೆ ಮನೆಯಲ್ಲಿ ನಿಮ್ಮ ಮಾತೇ ಕೊನೆಯ ಮಾತಾಗಿದ್ದರೆ ಒಮ್ಮೆ ಮಾಡಿಸಿ.

ಈಗ ನನಗಿರುವುದು ಇಷ್ಟು: ಅಂಗಡಿ ಒಂದು, ಟಿವಿ ಒಂದು, ಪೊರೆ ತೆಗೆಸಿದ ಕಣ್ಣು ಒಂದು, ಸರದಿಯಲ್ಲಿರುವ ಕಣ್ಣು ಇನ್ನೊಂದು.