ಏಳು ಊರಲ್ಲಿ ಹುಟ್ಟಿದ ಡಾರ್ಲಾ

ಡಾರ್ಲಾ ಪೆಲ್ಕೊನೆನ್ ಹುಟ್ಟಿದ್ದು ಮಿಶಿಗನ್ನಿನ ಬಡಗಣ ತುದಿಯ ರೆಡ್‌ಶಾಫ್ಟ್ ಊರಿನಲ್ಲಿ, ಎಲ್ಲರ ಹಾಗೆ ಒಂದೇ ಸಲ. ಇಂಟರ್ನೆಟ್ಟಿನಲ್ಲಿ ಮಾತ್ರ ಆಕೆ ಏಳು ಊರುಗಳಲ್ಲಿ ಹುಟ್ಟಿದ್ದಳು. ಈ ಪವಾಡ ಮಾಡಿದವನು ಮೈದುನ ವೆಸ್. ಚಳಿಗಾಲದಲ್ಲಿ ಅವನು ರಸ್ತೆಯ ಹಿಮ ತಳ್ಳುತ್ತಿದ್ದ, ಉಳಿದ ಕಾಲದಲ್ಲಿ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

ಡಾರ್ಲಾಳದು ಅಪ್ಪನಿಂದ ಬಂದ ಕಸುಬು. ಸೌನಾ ಎಂಬ ಹಬೆಮನೆಗಳ ಒಲೆಗಳನ್ನು ಬೆಸುಗೆ ಹಾಕಿ ಮಾಡುವುದು, ಅವುಗಳ ಹೊಗೆಕೊಳವೆ ಗುಡಿಸುವುದು. ಶನಿವಾರ ಸಂಜೆ ಸೌನಾದ ಹಬೆಯಲ್ಲಿ ಕೂತು ಬೆವರದವನು ಆ ಸೀಮೆಯಲ್ಲಿ ಒಂದೋ ಕಾಯಿಲೆಯವನು, ಇಲ್ಲವೇ ಪರ ಊರಿನವನು. ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ. ಆದರೂ ವೆಸ್ ಸುಮ್ಮನಿರಬೇಕಲ್ಲ. ಒಂದು ವೆಬ್‌ಸೈಟಿನಿಂದ ಇಷ್ಟು ಗಿರಾಕಿ ಬಂದರೆ ಏಳರಿಂದ ಏಳು ಪಟ್ಟು ಎಂದು ಲೆಕ್ಕ ಹಾಕಿ, ರೆಡ್‌ಶಾಫ್ಟೂ ಸೇರಿ ಸುತ್ತಲಿನ ಏಳೂರಿಗೆ ಏಳು ವೆಬ್ ವಿಳಾಸ ಕೊಂಡ. ಒಂದಕ್ಕೆ ಬರೆದದ್ದನ್ನೇ ಉಳಿದ ಆರಕ್ಕೂ ಅಂಟಿಸಿ ಊರಿನ ಹೆಸರಷ್ಟೇ ಬದಲಿಸಿದ. 'ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವಳು' ಎಂಬ ಸಾಲು ಏಳರಲ್ಲೂ ಇತ್ತು. ಹಾರ್ಲೋ ಊರಿನದರಲ್ಲೂ ಇತ್ತು. ಹಾರ್ಲೋಗೂ ರೆಡ್‌ಶಾಫ್ಟಿಗೂ ಐಸ್ ಹಾಕಿಯ ದೆಸೆಯಿಂದ ಅಜ್ಜಂದಿರ ಕಾಲದಿಂದಲೂ ಎಣ್ಣೆ ಸೀಗೇಕಾಯಿ.

ಸರ್ಚ್ ಎಂಜಿನ್ ಏನು ಕುರುಡೇ? ಏಳೂ ಒಂದೇ ಎರಕ ಎಂದು ಗೊತ್ತಾದದ್ದೇ ಒಂದನ್ನು ಇಟ್ಟುಕೊಂಡು ಆರನ್ನು ಮೂಲೆಗೆ ತಳ್ಳಿತು. ಗ್ರಹಚಾರಕ್ಕೆ ಅದು ಇಟ್ಟುಕೊಂಡದ್ದು ಹಾರ್ಲೋದ್ದನ್ನು.

ಕೊಳವೆ ಗುಡಿಸುವ ಕಾಲ ಬಂದರೂ ರೆಡ್‌ಶಾಫ್ಟಿನಿಂದ ಒಬ್ಬರೂ ಕರೆಯಲಿಲ್ಲ. ಹಾರ್ಲೋದ ಒಬ್ಬಿಬ್ಬರು ಹೊಸಬರು ಬಿಟ್ಟರೆ ಫೋನ್ ಸತ್ತಂತಿತ್ತು. ಹೀಗೇ ಆದರೆ ಹಿಮ ಬೀಳುವ ಹೊತ್ತಿಗೆ ಅಪ್ಪನ ಶೆಡ್ಡಿಗೆ ಬೀಗ ಹಾಕಿ ವಿಸ್ಕಾನ್ಸಿನ್ನಿನ ಕಾಗದದ ಕಾರ್ಖಾನೆಗೆ ಕೂಲಿಗೆ ಹೋಗಬೇಕಿತ್ತು. ಕಾರಣ ತಿಳಿದದ್ದು ದಿನಸಿ ಅಂಗಡಿಯಲ್ಲಿ, ಪಕ್ಕದ ಬೀದಿಯ ಮುದುಕಿ ಹಿಲ್ಮಾಳಿಂದ.

"ಹಾರ್ಲೋಗೆ ಹೋಗ್ಬಿಟ್ಯಂತೆ. ಒಂದ್ ಮಾತು ಹೇಳ್ಬಾರ್ದಿತ್ತಾ?"

"ಯಾರ್ ಹೇಳಿದ್ದು ನಿಮ್ಗೆ?"

"ನನ್ ಫೋನೇ ಹೇಳ್ತು. ಒಲೆ ಮಾಡೋರು ಅಂತ ಹುಡುಕಿದ್ರೆ ಹಾರ್ಲೋ ಡಾರ್ಲಾ ಅಂತ ಬಂತು. ಅಲ್ಲೇ ಹುಟ್ಟಿದ್ದು ಅಂತ ಬೇರೆ ಬರ್ಕೊಂಡಿದೀಯ. ನಿನ್ನ ಹೆರೋವಾಗ ನಿಮ್ಮಮ್ಮನ ಕೈ ಹಿಡ್ಕೊಂಡು ನಿಂತಿದ್ದೋಳು ನಾನು ಕಣೇ."

ಡಾರ್ಲಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮನೆಗೆ ಬಂದವಳೇ ಏಳನ್ನೂ ಮೊದಲ ಬಾರಿಗೆ ಕೂತು ಓದಿದಳು, ವೆಸ್‌ನನ್ನು ಕರೆಸಿದಳು.

"ಇನ್ನೊಂದೇಳು ಮಾಡಿದ್ರೆ ಸರಿಹೋಗತ್ತೆ," ಎಂದ ವೆಸ್.

"ಆರು ಸುಳ್ಳಿಗೆ ಇನ್ನೇಳು ಸೇರ್ಸಿದ್ರೆ ನಿಜ ಆಗ್ಬಿಡತ್ತಾ? ರೆಡ್‌ಶಾಫ್ಟಿಂದೊಂದೇ ಇರ್ಲಿ. ಮಿಕ್ಕಿದ್ ವಿಳಾಸ ಒತ್ತಿದೋರೆಲ್ಲ ಇದಕ್ಕೇ ಬರೋ ಹಾಗೆ ಮಾಡು."

"ಈಗ ಕರೀತಿರೋದು ಹಾರ್ಲೋದವ್ರೇ. ನೀನು ರೆಡ್‌ಶಾಫ್ಟೋಳು ಅಂತ ಗೊತ್ತಾದ್ರೆ ಅದೂ ಹೋಯ್ತು."

"ಹೋದ್ರೆ ಹೋಗ್ಲಿ. ನನ್ನ ಹೆತ್ತಿದ್ದು ಒಬ್ಳೇ."

ಬರೆಯುವ ಕೆಲಸವನ್ನು ಈ ಸಲ ಆಕೆ ವೆಸ್‌ಗೆ ಬಿಡಲಿಲ್ಲ. 'ನಾನು ರೆಡ್‌ಶಾಫ್ಟಿನವಳು. ಕರೆದ ಊರಿಗೆಲ್ಲ ಬರುತ್ತೇನೆ' ಎಂದು ಮೇಲೆಯೇ ಹಾಕಿದಳು. ಕೆಳಗೆ ಒಂದೊಂದು ಊರಿಗೆ ಅದರದೇ ಪುಟ. ಒಂದೂರಲ್ಲಿ ಗಣಿ ಬೀದಿಯ ಹಳೆ ಮನೆಗಳ ಸೊಟ್ಟ ಕೊಳವೆಗಳು, ಇನ್ನೊಂದೂರಲ್ಲಿ ಪೈನ್ ಸೌದೆ ಸುಡುವವರ ಮನೆಯಲ್ಲಿ ಕಟ್ಟುವ ಅಂಟುಮಸಿ. ಹಾರ್ಲೋದಲ್ಲಿ ಸರೋವರದ ಗಾಳಿ ಹೊಗೆಯನ್ನು ಹಿಂದಕ್ಕೆ ನೂಕುತ್ತದೆ, ಕೊಳವೆಗೆ ಎತ್ತರವೂ ಬೇಕು, ಮುಚ್ಚಳವೂ ಬೇಕು. ಆ ಗಾಳಿಗೆ ಮುಖ ಒಡ್ಡಿ ಛಾವಣಿ ಹತ್ತಿದವಳಲ್ಲವೇ, ಬರೆಯಲು ತಡವರಿಸಲಿಲ್ಲ.

ಸರ್ಚ್ ಎಂಜಿನ್ನಿಗೆ ಯಾರ ಅವಸರವೂ ಇಲ್ಲ. ಅದು ಮತ್ತೆ ಬಂದು ನೋಡುವಷ್ಟರಲ್ಲಿ ಮೇಪಲ್ ಎಲೆಗಳೆಲ್ಲ ಉದುರಿದ್ದವು. ಹಾರ್ಲೋದ ಕರೆಗಳು ನಿಂತೇಹೋದವು. ವೆಸ್ ಜನ್ಮದಲ್ಲಿ ಮೊದಲ ಬಾರಿಗೆ ಬುದ್ಧಿ ಹೇಳದೆ ಇದ್ದ, ಅದೇ ಡಾರ್ಲಾಳಿಗೆ ಹೆಚ್ಚು ಭಯ ಹುಟ್ಟಿಸಿತು. ಆಮೇಲೆ ರೆಡ್‌ಶಾಫ್ಟಿನಿಂದ ಒಂದು ಕರೆ ಬಂತು. ಮರುದಿನ ಪಕ್ಕದೂರಿನ ಗಣಿ ಬೀದಿಯಿಂದ. ಯಾವ ಊರಲ್ಲಿ ಹುಡುಕಿದರೂ ಅವಳ ಹೆಸರು ಮೇಲೆಯೇ ಬರತೊಡಗಿತ್ತು. ಹಾರ್ಲೋ ಮಾತ್ರ ಬಿಗುಮಾನದಿಂದ ಕೂತಿತ್ತು. ಕೊನೆಗೆ ಅಲ್ಲಿನ ಊರೊಟ್ಟಿನ ಸೌನಾ ನೋಡಿಕೊಳ್ಳುವ ಗೇಲ್ ಟ್ರುಡೆಲ್ ಫೋನ್ ಮಾಡಿದಳು.

"ನೀವು ರೆಡ್‌ಶಾಫ್ಟೋರಂತೆ."

"ಹೌದು. ಬರ್ದಿದೀನಲ್ಲ."

"ಓದ್ದೆ. ನಮ್ ಗಾಳಿ ವಿಷ್ಯನೂ ಓದ್ದೆ. ಸಿಟಿ ಕಂಪನಿಯೋನು ಒಲೆ ಕೂರ್ಸಿ ಹೋದ, ಹೊಗೆಯೆಲ್ಲ ನಮ್ ಕಣ್ಣಿಗೆ. ಶನಿವಾರ ಊರಿಗೂರೇ ಅಳ್ತಾ ಸ್ನಾನ ಮಾಡ್ತಿದೆ. ಬರ್ತೀರಾ?"

ಡಾರ್ಲಾ ಹೋದಳು. ಹೊಸ ಒಲೆ ಕೂರಿಸಿ, ಕೊಳವೆ ಎತ್ತರಿಸಿ ಮುಚ್ಚಳ ಹಾಕಿದಳು. ಶನಿವಾರ ಸರೋವರದ ಕಡೆಯಿಂದ ಗಾಳಿ ಜೋರಾಗಿಯೇ ಬೀಸುತ್ತಿತ್ತು. ಹೊಗೆ ಅದಕ್ಕೆ ಸೊಪ್ಪು ಹಾಕದೆ ಆಕಾಶಕ್ಕೆ ಏರಿತು. ಹೊಸ ಒಲೆಯ ಕಾದ ಕಲ್ಲುಗಳಿಗೆ ಮೊದಲ ನೀರು ಹಾಕಿ ಹಬೆ ಎಬ್ಬಿಸುವುದು ಅದನ್ನು ಮಾಡಿದವರ ಹಕ್ಕು. ಹೆಂಗಸರ ಸರದಿಯಲ್ಲಿ ಡಾರ್ಲಾ ಒಳಹೋಗಿ, ಪರ ಊರಿನವಳಾದ್ದರಿಂದ ಕೆಳಗಿನ ಹಲಗೆಯಲ್ಲಿ ಕೂತಳು.

"ಕೆಳಗ್ಯಾಕೆ? ಮೇಲ್ಬನ್ನಿ," ಎಂದು ಗೇಲ್ ಸರಿದು ಜಾಗ ಕೊಟ್ಟಳು.

"ರೆಡ್‌ಶಾಫ್ಟೋರಿಗೆ ಮೇಲಿನ್ ಕಾವು ತಡ್ಯಕ್ಕಾಗಲ್ಲ," ಎಂದಳು ಪಕ್ಕದ ದಪ್ಪನೆ ಹೆಂಗಸು.

ಡಾರ್ಲಾ ಮೇಲೆ ಹತ್ತಿ ಕೂತಳು. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದಳು, ಮತ್ತೊಂದು ಸುರಿದಳು, ಮೂರನೆಯದನ್ನೂ ಸುರಿದಳು. ಹಬೆ ಬುಸ್ಸೆಂದು ಛಾವಣಿಗೆ ಬಡಿದು ಬೆನ್ನಿಗಿಳಿಯಿತು. ದಪ್ಪನೆ ಹೆಂಗಸು ಉಸ್ಸೆನ್ನುತ್ತಾ ಕೆಳಗಿನ ಹಲಗೆಗೆ ಜಾರಿದಳು. ಎಲ್ಲರೂ ನಕ್ಕರು. ಮೇಲೆ ಕೂತ ಡಾರ್ಲಾಳಿಗೆ ಎದೆಯುಬ್ಬಿ ಬಂದಿತ್ತು.

ಕೆಳಗಿನಿಂದ ಆ ಹೆಂಗಸೇ ತಲೆ ಎತ್ತಿ ಕೇಳಿದಳು: "ನಮ್ಮನೆಗೂ ಇಂಥದ್ದೇ ಒಲೆ ಬೇಕು. ಯಾವಾಗ ಬರ್ತೀರಿ?"