ಚೆಕ್‌ಪೋಸ್ಟಿನಲ್ಲಿ ಬೇಸ್‌ಬಾಲ್

ಕೊಲ್ಲಿ ಯುದ್ಧ ಮುಗಿದ ಮೇಲಿನ ಮೊದಲ ಏಪ್ರಿಲ್. ಎಣ್ಣೆಬಾವಿಗಳ ಹೊಗೆಗೆ ಬೆಳಿಗ್ಗೆಯೇ ಹೆಡ್‌ಲೈಟ್ ಹಾಕಿಕೊಂಡು, ಅಬು ಹಲೀಫಾದಿಂದ ಜಾಬ್ರಿಯಾದ ಆಸ್ಪತ್ರೆಯೊಂದಕ್ಕೆ ನೀರಿನ ಲಾರಿಯಲ್ಲಿ ಹೊರಟಿದ್ದೆವು. ಚೆಕ್‌ಪೋಸ್ಟಿನ ಅಮೆರಿಕನ್ ಸೈನಿಕ ನನ್ನ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡವನೇ ಮರಳುಚೀಲದ ಮೇಲಿದ್ದ ರೇಡಿಯೋ ಕಡೆ ತಿರುಗಿದ. ಅವನ ಊರಿನ ಬೇಸ್‌ಬಾಲ್ ತಂಡ ಈ ವರ್ಷದ ಮೊದಲ ಆಟ ಆಡುತ್ತಿತ್ತಂತೆ. ಅಲ್ಲಿ ಯಾರೋ ಚೆಂಡನ್ನು ಬಾರಿಸಿದರು, ಇಲ್ಲಿ ಇವನು ಕುಣಿದ. ಆಮೇಲೆ ಪಾಸ್‌ಪೋರ್ಟ್ ವಾಪಸು ಕೊಡಲೊಲ್ಲ! ಅದು ಕೈಗೆ ಬಂದ ಮೇಲೆಯೇ ತನ್ನವರು ಹೊಡೆಯತೊಡಗಿದ್ದಂತೆ, ಈಗ ಬಿಟ್ಟರೆ ಔಟಾಗುತ್ತಾರಂತೆ.

"ಆಸ್ಪತ್ರೆಯಲ್ಲಿ ಕುಡಿಯಲಿಕ್ಕೆ ನೀರಿಲ್ಲ ಮಾರಾಯ್ರೆ, ಇವನಿಗೆ ಆಟ!" ಎಂದು ರೇಗಿದೆ.

ಡ್ರೈವರ್ ಹಮೀದ್ ಬ್ಯಾರಿ ಗಂಭೀರವಾಗಿ ತಲೆಯಾಡಿಸಿದರು. "ಅವ ಹೇಳುದು ಸರಿಯೇ ಶೆಟ್ರೆ. ಕ್ರಿಕೆಟ್ ಕಾಮೆಂಟ್ರಿ ಕೇಳುವಾಗ ನಾವು ಕೂತಲ್ಲಿಂದ ಏಳ್ತೇವಾ?"

ಕೊನೆಗೆ ಇನ್ನೊಬ್ಬ ಸೈನಿಕ ಬಂದು ಗದರಿದ ಮೇಲೆ ಪಾಸ್‌ಪೋರ್ಟ್ ನನ್ನ ಕೈ ಸೇರಿತು, ಅಡ್ಡಗಂಬವೂ ಮೇಲೆದ್ದಿತು. ಲಾರಿ ಮಾತ್ರ ಕದಲಲಿಲ್ಲ.

"ಯಲ್ಲಾ, ಹೊರಡಿ ಬ್ಯಾರಿಗಳೇ!"

ಹಮೀದ್ ಸ್ಟಿಯರಿಂಗ್ ಬಿಟ್ಟು ರೇಡಿಯೋ ಕಡೆ ಕಿವಿಗೊಟ್ಟಿದ್ದರು.

"ಸ್ವಲ್ಪ ನಿಲ್ಲಿ ಶೆಟ್ರೆ. ಈಗ ಹೊಡೀತಿದ್ದಾನಲ್ಲ, ಇವನೊಬ್ಬ ಔಟಾಗ್ಲಿ."